ಬೆಳವಣಿಗೆ ಎಂದರೆ ಯಾವುದು? ಪರಿಸರ ಬಿಕ್ಕಟ್ಟಿನ ಕಾಲದ ಶಿಕ್ಷಣ ಚಿಂತನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿಕ್ಷಕರು, ಬಿ.ಎಡ್. ವಿದ್ಯಾರ್ಥಿಗಳು ಮತ್ತು ಪೋಷಕರು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಮೊದಲು ವಿಚಾರ, ಆಮೇಲೆ ತರಗತಿಯ ಕೆಲಸ. ಪ್ರಯೋಗಗಳಷ್ಟೇ ಬೇಕು ಎನ್ನುವವರು ನೇರವಾಗಿ ಹೆಸರುಕಾಳಿನ ಪ್ರಶ್ನೆಗೆ ಹೋಗಬಹುದು. ಆದರೆ ಕಳ್ಳನ ಪ್ರಶ್ನೆಯನ್ನು ಓದದೆ ಹೋದರೆ ಆ ಪ್ರಯೋಗ ಬರೀ ಕಾಳು ಮೊಳೆಸುವ ಕೆಲಸವಾಗಿ ಉಳಿಯುತ್ತದೆ.

ಪ್ರಶ್ನೆ: ಪರಿಸರ ಬಿಕ್ಕಟ್ಟಿಗೂ ಶಿಕ್ಷಣ ತತ್ತ್ವಶಾಸ್ತ್ರಕ್ಕೂ ಏನು ಸಂಬಂಧ?

ಸಂಬಂಧ ಒಂದು ಪದದಲ್ಲಿದೆ. ಮಗು ಬೆಳೆಯಬೇಕು ಎಂದು ಶಾಲೆ ಹೇಳುತ್ತದೆ. ಆರ್ಥಿಕತೆ ಬೆಳೆಯಬೇಕು ಎಂದು ಬಜೆಟ್ ಭಾಷಣ ಹೇಳುತ್ತದೆ. ಎರಡೂ ಕಡೆ ಬೆಳವಣಿಗೆ ಒಳ್ಳೆಯದೇ, ನಿಲ್ಲಬಾರದ್ದೇ. ಹತ್ತು ವರ್ಷ ಶಾಲೆಯಲ್ಲಿ ಕೂತ ಮಗುವಿಗೆ ಇವೆರಡೂ ಒಂದೇ ಎನಿಸಿಬಿಡುವುದು ಸಹಜ: ಹೆಚ್ಚು ಅಂಕ, ಹೆಚ್ಚು ಸಂಬಳ, ದೊಡ್ಡ ಮನೆ, ದೊಡ್ಡ ಊರು.

ಇತ್ತ ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳತೆ ಶುರುವಾದಾಗ ಗಾಳಿಯಲ್ಲಿದ್ದ ಇಂಗಾಲದ ಡೈಆಕ್ಸೈಡ್ ಸುಮಾರು 315 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು). 2024ರ ಸರಾಸರಿ 424ರ ಆಸುಪಾಸು. ಭೂಮಿಯ ಸುರಕ್ಷತೆಗೆ 2009ರಲ್ಲಿ ವಿಜ್ಞಾನಿಗಳು ಗುರುತಿಸಿದ 9 ಮಿತಿಗಳ ಪೈಕಿ 6ನ್ನು ದಾಟಿದ್ದೇವೆ ಎಂದು 2023ರ ಲೆಕ್ಕ ಹೇಳಿತು. ಹೀಗಿರುವಾಗ ಶಿಕ್ಷಣದ ಗುರಿ ಬೆಳವಣಿಗೆ ಎಂದು ಹೇಳಿ ಸುಮ್ಮನಾಗಲು ಬರುವುದಿಲ್ಲ. ಯಾವ ಬೆಳವಣಿಗೆ ಎಂದು ಬಿಡಿಸಿ ಹೇಳುವುದು ಶಿಕ್ಷಣ ಚಿಂತನೆಯ ಪಾಲಿನ ಕೆಲಸ.

ಪ್ರಶ್ನೆ: ಶಿಕ್ಷಣವೆಂದರೆ ಬೆಳವಣಿಗೆ ಎಂದು ಮೊದಲು ಹೇಳಿದವರು ಯಾರು?

ಮಗುವನ್ನು ಗಿಡಕ್ಕೆ ಹೋಲಿಸುವುದು ಹಳೆಯ ರೂಢಿ. ಜರ್ಮನಿಯ ಫ್ರೊಬೆಲ್ 1840ರಲ್ಲಿ ತನ್ನ ಶಾಲೆಗೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟಿದ್ದೇ ಆ ಅರ್ಥದಲ್ಲಿ, ಮಕ್ಕಳ ತೋಟ. ಆದರೆ ಈ ಮಾತಿಗೆ ತಾತ್ತ್ವಿಕ ಬುನಾದಿ ಹಾಕಿದವನು ಅಮೆರಿಕದ ಜಾನ್ ಡ್ಯೂಯಿ. 1916ರ ‘ಡೆಮಾಕ್ರಸಿ ಅಂಡ್ ಎಜುಕೇಶನ್’ ಪುಸ್ತಕದ ನಾಲ್ಕನೆಯ ಅಧ್ಯಾಯ ಪೂರ್ತಿ ಇದರ ಬಗ್ಗೆಯೇ. ಬೆಳವಣಿಗೆಗೆ ಅದರಾಚೆಗೆ ಬೇರೊಂದು ಗುರಿ ಇಲ್ಲ, ಇನ್ನಷ್ಟು ಬೆಳೆಯುವುದೇ ಅದರ ಗುರಿ ಎಂಬುದು ಅಲ್ಲಿನ ವಾದ.

ಫ್ರೊಬೆಲ್‌ನ ತೋಟದಲ್ಲಿ ಬೀಜದೊಳಗೆ ಮರ ಅಡಗಿದೆ, ಅದು ಅರಳಬೇಕಷ್ಟೆ. ಡ್ಯೂಯಿ ಇದನ್ನು ಒಪ್ಪಲಿಲ್ಲ. ಮೊದಲೇ ಬರೆದಿಟ್ಟ ಗುರಿಯತ್ತ ಅರಳುವುದಾದರೆ ದಾರಿಯಲ್ಲಿ ನಡೆಯುವುದಕ್ಕೆಲ್ಲ ಬೆಲೆಯೇ ಇಲ್ಲ ಎಂದಾಗುತ್ತದಲ್ಲ ಎಂದು ಅವನು ಕೇಳಿದ. ಬೆಳವಣಿಗೆಗೆ ಅವನು ಹೇಳಿದ ಷರತ್ತು ಎರಡು. ಒಂದು, ಇನ್ನೊಬ್ಬರನ್ನು ಅವಲಂಬಿಸಿರುವುದು. ಇನ್ನೊಂದು, ಬಾಗುವ ಗುಣ, ಅಂದರೆ ಒಂದು ಅನುಭವದಿಂದ ಕಲಿತದ್ದನ್ನು ಮುಂದಿನದಕ್ಕೆ ಒಯ್ಯುವ ಶಕ್ತಿ.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ನಮ್ಮ ಗಾದೆ ಇಲ್ಲಿ ಅವನಿಗೆ ಎದುರು ನಿಲ್ಲುತ್ತದೆ. ಗಾದೆಯ ಪ್ರಕಾರ ಬಾಗುವುದು ಎಳೆತನದ ಗುಣ. ಡ್ಯೂಯಿಯ ಪ್ರಕಾರ ದೊಡ್ಡವರಾದ ಮೇಲೂ ಉಳಿಸಿಕೊಳ್ಳಬೇಕಾದ ಗುಣ. ಅದನ್ನು ಕಳೆದುಕೊಂಡವರ ಕಲಿಕೆ ಅಲ್ಲಿಗೆ ನಿಂತಿತು. ತಮ್ಮ ಬದುಕಿನ ರೀತಿಯನ್ನೇ ಬದಲಿಸಬೇಕಾದ ದೊಡ್ಡವರು ತುಂಬಿರುವ ಈ ಕಾಲದಲ್ಲಿ ಗಾದೆಗಿಂತ ಡ್ಯೂಯಿಯ ಮಾತು ಹೆಚ್ಚು ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ಹಾಗಾದರೆ ಜಿಡಿಪಿ ಬೆಳವಣಿಗೆಗೂ ಡ್ಯೂಯಿಯೇ ಹೊಣೆಯೇ?

ಅಲ್ಲ. ಜಿಡಿಪಿ ಎಂದರೆ ದೇಶದಲ್ಲಿ ಒಂದು ವರ್ಷದಲ್ಲಿ ತಯಾರಾದ ಸರಕು, ಸೇವೆಗಳ ಒಟ್ಟು ಬೆಲೆ. ಅವನು 1916ರಲ್ಲಿ ಬರೆಯುವಾಗ ಆ ಅಳತೆಗೋಲೇ ಇರಲಿಲ್ಲ. ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್ ಅಮೆರಿಕದ ಸೆನೆಟ್‌ಗೆ ರಾಷ್ಟ್ರೀಯ ಆದಾಯದ ವರದಿ ಕೊಟ್ಟಿದ್ದು 1934ರಲ್ಲಿ. ಆ ಸಂಖ್ಯೆಯಿಂದ ಜನರ ಕ್ಷೇಮವನ್ನು ಅಳೆಯಲಾಗದು ಎಂಬ ಎಚ್ಚರಿಕೆಯನ್ನೂ ಅವನೇ ಅಲ್ಲೇ ಬರೆದಿದ್ದ. ಸಂಖ್ಯೆ ಉಳಿಯಿತು, ಎಚ್ಚರಿಕೆ ಹೋಯಿತು.

ಆದರೂ ಡ್ಯೂಯಿಯನ್ನು ಪೂರ್ತಿ ಬಿಟ್ಟುಬಿಡಲಾಗದು. ಅಮೆರಿಕದ ಶಿಕ್ಷಣ ಚಿಂತಕ ಸಿ.ಎ. ಬವರ್ಸ್ ದಶಕಗಳ ಕಾಲ ಎತ್ತಿದ ತಕರಾರು ಇದು: ಬದಲಾವಣೆ ಯಾವಾಗಲೂ ಒಳ್ಳೆಯದು, ಹೊಸದು ಹಳೆಯದಕ್ಕಿಂತ ಮೇಲು ಎಂಬ ಕೈಗಾರಿಕಾ ಯುಗದ ನಂಬಿಕೆ ಡ್ಯೂಯಿಯ ಬೆಳವಣಿಗೆಯೊಳಗೂ ಕೂತಿದೆ, ತಲೆಮಾರುಗಳಿಂದ ಬಂದ, ಭೂಮಿಗೆ ಭಾರವಾಗದ ತಿಳಿವಳಿಕೆಗೆ ಅಲ್ಲಿ ಜಾಗ ಕಡಿಮೆ. ಈ ತಕರಾರಿನಲ್ಲಿ ಹುರುಳಿದೆ. ಬೀಜ ಆಯ್ದು ಒಣಗಿಸಿ ಬೂದಿ ಬೆರೆಸಿ ಇಡುವ ಅಜ್ಜಿಯ ತಿಳಿವಳಿಕೆ ಉಳಿಯಬೇಕಾದ್ದು. ಅದು ದಿನದಿನಕ್ಕೆ ಹೊಸದಾಗಬೇಕಿಲ್ಲ. ಅದೇ ಡ್ಯೂಯಿ ಜೀವಿಯನ್ನು ಅದರ ಪರಿಸರದಿಂದ ಬಿಡಿಸಿ ನೋಡಲೊಪ್ಪದವನೂ ಹೌದು. ಯಾವುದು ಬದಲಾದರೆ ನಾವೂ ಬದಲಾಗುತ್ತೇವೋ ಅದು ನಮ್ಮ ಪರಿಸರ, ಖಗೋಳಶಾಸ್ತ್ರಜ್ಞನಿಗೆ ದೂರದ ನಕ್ಷತ್ರವೂ ಪರಿಸರವೇ ಎಂದವನು. ಈ ಎರಡನೆಯ ಡ್ಯೂಯಿ ನಮಗೆ ಬೇಕು.

ಪ್ರಶ್ನೆ: ಕಳ್ಳನೂ ಬೆಳೆಯುತ್ತಾನಲ್ಲ? ಅದೂ ಶಿಕ್ಷಣವೇ?

ಈ ಪ್ರಶ್ನೆ ಡ್ಯೂಯಿಯ ಕಾಲದಲ್ಲೇ ಬಂದಿತ್ತು. 1938ರಲ್ಲಿ ಅವನು ಉತ್ತರ ಕೊಟ್ಟ. ಕನ್ನ ಹಾಕುವವನು ತನ್ನ ಕಸುಬಿನಲ್ಲಿ ದಿನದಿಂದ ದಿನಕ್ಕೆ ನುರಿತವನಾಗಬಹುದು. ನೋಡಬೇಕಾದ್ದು ಅದನ್ನಲ್ಲ. ಈ ದಿಕ್ಕಿನ ಬೆಳವಣಿಗೆ ಮುಂದೆ ಬೇರೆ ದಿಕ್ಕುಗಳಲ್ಲಿ ಬೆಳೆಯಲು ದಾರಿ ತೆರೆಯುತ್ತದೋ, ಇರುವ ದಾರಿಗಳನ್ನೂ ಮುಚ್ಚುತ್ತದೋ? ಮುಚ್ಚುವುದಾದರೆ ಅದು ಬೆಳವಣಿಗೆಯಲ್ಲ, ಬೆಳವಣಿಗೆಯ ವೇಷ.

ಈ ಪರೀಕ್ಷೆಯನ್ನು ಡ್ಯೂಯಿ ವ್ಯಕ್ತಿಗೆ ಒಡ್ಡಿದ. ಅದನ್ನು ಆರ್ಥಿಕತೆಗೂ ಒಡ್ಡಬೇಕು ಎಂಬುದೇ ಈ ಪುಟದ ವಾದ. ಒಂದು ಊರು ಕೊಳವೆಬಾವಿಗಳ ಮೇಲೆ ಬೆಳೆಯಿತು ಎನ್ನೋಣ. ಆ ಬೆಳವಣಿಗೆ ಊರಿನ ಮುಂದಿನ ಬೆಳವಣಿಗೆಗೆ ನೀರು ಉಳಿಸಿದೆಯೇ? ಪಕ್ಕದ ಊರಿಗೆ ಉಳಿಸಿದೆಯೇ? ಕೆರೆಗೆ, ಕೆರೆಯ ಹಕ್ಕಿಗೆ? ಡ್ಯೂಯಿ ಬೆಳೆಯುವವನ ಮುಂದಿನ ದಾರಿಯನ್ನಷ್ಟೇ ನೋಡಿದ. ಇವತ್ತು ಆ ಪರೀಕ್ಷೆಗೆ ಇನ್ನೊಂದು ಸಾಲು ಸೇರಿಸಬೇಕು: ಈ ಬೆಳವಣಿಗೆ ಬೇರೆಯವರ, ಬೇರೆ ಜೀವಿಗಳ ಬೆಳವಣಿಗೆಯ ದಾರಿಯನ್ನು ಮುಚ್ಚುತ್ತದೆಯೇ?

ತರಗತಿಯಲ್ಲಿ ಇದನ್ನು ‘ಕಳ್ಳನ ಪರೀಕ್ಷೆ’ ಎಂದೇ ಕರೆಯಿರಿ. ಹೆಸರು ಕೇಳಿದ ಕೂಡಲೇ ಮಕ್ಕಳು ಕಿವಿಗೊಡುತ್ತಾರೆ.

ಪ್ರಶ್ನೆ: ಕನ್ನಡದಲ್ಲಿ ಬೆಳವಣಿಗೆ, ಅಭಿವೃದ್ಧಿ, ವಿಕಾಸ, ಏಳಿಗೆ ಎಂದೆಲ್ಲ ಇದೆ. ಯಾವುದನ್ನು ಬಳಸಬೇಕು?

ಯಾವುದೋ ಒಂದನ್ನು ಆರಿಸಿ ಉಳಿದವನ್ನು ಬಿಡಬೇಡಿ. ಅವುಗಳ ನಡುವಿನ ವ್ಯತ್ಯಾಸದಲ್ಲೇ ಒಂದು ಪಾಠವಿದೆ. ಸಂಸ್ಕೃತದ ‘ವೃದ್ಧಿ’ ತದ್ಭವವಾಗಿ ಕನ್ನಡದಲ್ಲಿ ‘ಬಡ್ಡಿ’ ಆಯಿತು. ಅದೇ ಬೇರಿನಿಂದ ‘ವೃದ್ಧ’ ಎಂಬ ಪದವೂ ಬಂತು. ಒಂದು ಬೇರು, ಎರಡು ಬೆಳವಣಿಗೆ: ಒಂದು ಚಕ್ರಬಡ್ಡಿಯಾಗಿ ನಿಲ್ಲದೆ ಏರುತ್ತದೆ, ಇನ್ನೊಂದು ಪೂರ್ಣಗೊಂಡು ನಿಲ್ಲುತ್ತದೆ.

ಅಚ್ಚಗನ್ನಡದಲ್ಲಿ ಇನ್ನೂ ಒಳ್ಳೆಯ ಪದಗಳಿವೆ: ಬಲಿಯುವುದು, ಮಾಗುವುದು, ಹಣ್ಣಾಗುವುದು. ತೆಂಗಿನಕಾಯಿಯನ್ನೇ ನೋಡಿ. ಹೂವು ಕಾಯಿಗಟ್ಟಿದ ಮೇಲೆ ಆರೇಳು ತಿಂಗಳಿಗೆ ಅದರ ಗಾತ್ರ ಮುಗಿಯಿತು, ಅಷ್ಟಕ್ಕೆ ಎಳನೀರು. ಆಮೇಲೆ 12ನೇ ತಿಂಗಳವರೆಗೆ ಹೊರಗೆ ದಪ್ಪವಾಗುವುದಿಲ್ಲ. ಒಳಗೆ ಗಂಜಿ ತಿರುಳಾಗುತ್ತದೆ, ತಿರುಳು ಗಟ್ಟಿಯಾಗುತ್ತದೆ, ಚಿಪ್ಪು ಬಲಿಯುತ್ತದೆ. ಗಾತ್ರ ನಿಂತ ಮೇಲೆ ನಡೆಯುವ ಕೆಲಸಕ್ಕೆ ನಮ್ಮ ಹಿರಿಯರು ಬೇರೆಯೇ ಪದ ಇಟ್ಟಿದ್ದರು. ‘ಕತ್ತೆ ಬೆಳೆದ ಹಾಗೆ ಬೆಳೆದಿದ್ದೀಯ, ಬುದ್ಧಿ ಮಾತ್ರ ಬಲಿತಿಲ್ಲ’ ಎಂಬ ಮನೆಮನೆಯ ಬೈಗುಳದಲ್ಲೂ ಈ ವಿವೇಕವಿದೆ. ಅರ್ಥಶಾಸ್ತ್ರಜ್ಞ ಹರ್ಮನ್ ಡೇಲಿ ಗಾತ್ರದ ಹೆಚ್ಚಳ ಬೇರೆ, ಗುಣದ ಸುಧಾರಣೆ ಬೇರೆ ಎಂದು ವಿಂಗಡಿಸಲು ಇಂಗ್ಲಿಷಿನಲ್ಲಿ ಬಹಳ ಹೆಣಗಿದರು. ಕನ್ನಡದ ಮಗುವಿಗೆ ಅದು ಒಂದು ಕಾಯಿ ಒಡೆದರೆ ತಿಳಿಯುತ್ತದೆ.

ಪ್ರಶ್ನೆ: ಗಾಂಧಿಯ ನಯೀ ತಾಲೀಮ್ ಇದಕ್ಕೆ ಉತ್ತರವಲ್ಲವೇ?

ಅರ್ಧ ಉತ್ತರ. ನಯೀ ತಾಲೀಮ್ ಎಂದರೆ ಕೈಕಸುಬಿನ ಮೂಲಕ ಕಲಿಸುವ ‘ಹೊಸ ಶಿಕ್ಷಣ’. 1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ನಡೆದ ಸಮ್ಮೇಳನ ಏಳು ವರ್ಷದ ಉಚಿತ, ಕಡ್ಡಾಯ ಶಿಕ್ಷಣ ಬೇಕು, ಅದು ತಾಯ್ನುಡಿಯಲ್ಲಿರಬೇಕು, ಒಂದು ಕೈಕಸುಬಿನ ಸುತ್ತ ಕಟ್ಟಿರಬೇಕು ಎಂದಿತು. ಜಾಕಿರ್ ಹುಸೇನ್ ಸಮಿತಿ ವೇಳಾಪಟ್ಟಿ ಮಾಡಿತು: ದಿನಕ್ಕೆ 5 ಗಂಟೆ 30 ನಿಮಿಷ. ಅದರಲ್ಲಿ ಕಸುಬಿಗೆ 3 ಗಂಟೆ 20 ನಿಮಿಷ; ಸಂಗೀತ, ಚಿತ್ರ, ಗಣಿತಕ್ಕೆ 40; ತಾಯ್ನುಡಿಗೆ 40; ಸಮಾಜ ಮತ್ತು ವಿಜ್ಞಾನಕ್ಕೆ 30; ವ್ಯಾಯಾಮಕ್ಕೆ 10; ಬಿಡುವು 10.

ಈ ಪಟ್ಟಿಯನ್ನು ಎರಡು ಸಲ ನೋಡಬೇಕು. ಕಸುಬು ಇಲ್ಲಿ ಪಾಠದ ನಡುವಿನ ವಿರಾಮವಲ್ಲ. ಹತ್ತಿಯ ಮೂಲಕ ಮಣ್ಣು, ಮಳೆ, ಗಣಿತ, ವ್ಯಾಪಾರ, ಚರಿತ್ರೆ ಎಲ್ಲವೂ ಬರಬೇಕು ಎಂಬ ಲೆಕ್ಕ. ಮಿತಿ ಎಂಬುದು ಇಲ್ಲಿ ಕೈಗೇ ತಿಳಿಯುತ್ತದೆ: ಹತ್ತಿ ಇಷ್ಟೇ ಇದ್ದರೆ ನೂಲು ಇಷ್ಟೇ.

ಕೆಟ್ಟಿದ್ದೆಲ್ಲಿ? ಶಾಲೆಯ ಖರ್ಚನ್ನು ಮಕ್ಕಳ ಉತ್ಪನ್ನದಿಂದ ತೂಗಿಸಬೇಕು ಎಂಬ ಆಸೆ ಯೋಜನೆಯೊಳಗೇ ಇತ್ತು. ಹಣಕಾಸಿನ ಮುಖ ಮುಂದಾಗಿ ಕಲಿಕೆಯ ಮುಖ ಹಿಂದಾಗುವ ಅಪಾಯವಿದೆ ಎಂದು ಸಮಿತಿಯ ವರದಿಯೇ ಎಚ್ಚರಿಸಿತ್ತು. ಬಹಳ ಕಡೆ ಆದದ್ದೂ ಅದೇ, ಇಲ್ಲವೇ ಅದಕ್ಕೆ ತದ್ವಿರುದ್ಧ: ತಕಲಿ ತಿರುಗಿಸುವ ಒಂದು ಪೀರಿಯಡ್ ಮಾತ್ರ ಉಳಿದು, ಉಳಿದ ಪಾಠಗಳು ಹಳೆಯ ಹಾಗೆಯೇ ನಡೆದವು. ಇವತ್ತಿನ ‘ಕೆಲಸ ಶಿಕ್ಷಣ’ ಪೀರಿಯಡ್‌ಗೂ ಈ ಕಾಯಿಲೆ ಇದೆ.

ಗಾಂಧಿಯ ಬಳಗದ ಜೆ.ಸಿ. ಕುಮಾರಪ್ಪ 1940ರ ದಶಕದಲ್ಲೇ ಇನ್ನೊಂದು ಉಪಯುಕ್ತ ವಿಂಗಡಣೆ ಕೊಟ್ಟರು: ಕೂಡಿಟ್ಟದ್ದನ್ನು ತೆಗೆದು ಮುಗಿಸುವ ಆರ್ಥಿಕತೆ ಒಂದು, ಹರಿಯುತ್ತಿರುವುದರಿಂದ ಬೊಗಸೆಯಲ್ಲಿ ಎತ್ತಿಕೊಳ್ಳುವ ಆರ್ಥಿಕತೆ ಇನ್ನೊಂದು. ಗಣಿ ಮೊದಲನೆಯದು, ಕಾಡಿನ ಜೇನು ಎರಡನೆಯದು. ಕರ್ನಾಟಕದ ಮಕ್ಕಳಿಗೆ ಕುದುರೆಮುಖದ ಉದಾಹರಣೆ ಕೊಡಿ. ಸುಪ್ರೀಂ ಕೋರ್ಟ್ ಆದೇಶದಂತೆ ಅಲ್ಲಿ ಕಬ್ಬಿಣದ ಅದಿರು ತೆಗೆಯುವುದು 2005ರ ಡಿಸೆಂಬರ್ 31ಕ್ಕೆ ನಿಂತಿತು. ಭದ್ರಾ ನದಿ ಈಗಲೂ ಹರಿಯುತ್ತಿದೆ.

ಪ್ರಶ್ನೆ: ಬಡ ಮನೆಯ ಮಕ್ಕಳಿಗೆ ‘ಬೆಳವಣಿಗೆ ಸಾಕು’ ಎನ್ನುವುದು ಅನ್ಯಾಯವಲ್ಲವೇ?

ಅನ್ಯಾಯವೇ. ಹಾಗೆ ಹೇಳಬೇಡಿ.

ಅಂಬೇಡ್ಕರ್ 1913ರಿಂದ 1916ರವರೆಗೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದಾಗ ಡ್ಯೂಯಿಯ ತರಗತಿಗಳಲ್ಲಿ ಕೂತಿದ್ದರು. ಯಂತ್ರ ಬೇಡ ಎಂಬ ಗಾಂಧಿವಾದವನ್ನು 1945ರಲ್ಲಿ ಅವರು ಕಟುವಾಗಿ ಟೀಕಿಸಿದರು: ಯಂತ್ರವಿಲ್ಲದೆ ದುಡಿಯುವವನಿಗೆ ಬಿಡುವಿಲ್ಲ, ಬಿಡುವಿಲ್ಲದೆ ಸಂಸ್ಕೃತಿಯಿಲ್ಲ. ಹಳ್ಳಿಯ ಸರಳ ಬದುಕನ್ನು ಹಾಡಿ ಹೊಗಳುವವರು ಈ ಮಾತಿಗೆ ಉತ್ತರ ಕೊಡದೆ ಮುಂದೆ ಹೋಗಬಾರದು. ಸರ್ ಎಂ. ವಿಶ್ವೇಶ್ವರಯ್ಯನವರ ‘ಕೈಗಾರಿಕೀಕರಣ ಇಲ್ಲವೇ ಸರ್ವನಾಶ’ ಎಂಬ ಘೋಷಣೆಯ ಹಿಂದೆಯೂ ಬರ ಮತ್ತು ಬಡತನ ಕಂಡ ಮೈಸೂರಿನ ಅನುಭವವಿತ್ತು.

ಲೆಕ್ಕವನ್ನೂ ಮಕ್ಕಳ ಮುಂದಿಡಿ. ತಲೆಗೆ ವರ್ಷಕ್ಕೆ ಇಂಗಾಲದ ಡೈಆಕ್ಸೈಡ್: ಭಾರತದಲ್ಲಿ ಸುಮಾರು 2 ಟನ್, ಜಗತ್ತಿನ ಸರಾಸರಿ 4.7ರ ಹತ್ತಿರ, ಅಮೆರಿಕದಲ್ಲಿ ಸುಮಾರು 14. ಭಾರತದ 2 ಟನ್ ಕೂಡ ಸರಾಸರಿಯೇ. ಏಸಿ, ಎರಡು ಕಾರು, ವಿಮಾನದ ಮನೆಗೂ ಸೌದೆ ಒಲೆಯ ಮನೆಗೂ ಅದು ಒಂದೇ ಆಗಿರುವುದಿಲ್ಲ. ಹಾಗಾಗಿ ಕಳ್ಳನ ಪರೀಕ್ಷೆಯ ಮುಂದೆ ಎಲ್ಲರೂ ಸಮವಾಗಿ ನಿಲ್ಲುವುದಿಲ್ಲ. ಮಗುವಿಗೆ ಮೊಟ್ಟೆ, ಶೌಚಾಲಯ, ಬಸ್ಸು, ರಾತ್ರಿ ಓದಲು ದೀಪ, ಇವು ದಾರಿ ತೆರೆಯುವ ಬೆಳವಣಿಗೆ. ಮೂರನೆಯ ಕಾರು ಬೇರೆ ಮಾತು.

ಪ್ರಶ್ನೆ: ನಿಲ್ಲದ ಬೆಳವಣಿಗೆ ಎಂದರೆ ಏನೆಂದು ಮಕ್ಕಳಿಗೆ ಹೇಗೆ ತೋರಿಸುವುದು?

ಚಕ್ರಬಡ್ಡಿ ಕಲಿಸುವ ತರಗತಿಯಲ್ಲಿ ರಾಗಿ ಮತ್ತು ಚದುರಂಗದ ಹಾಸು ಸಾಕು. ಮೊದಲು 1,000 ರಾಗಿ ಕಾಳು ಎಣಿಸಿ ತೂಗಿಸಿ. ಎರಡೂವರೆಯಿಂದ ಮೂರು ಗ್ರಾಂ ಬರುತ್ತದೆ. ಮೊದಲ ಮನೆಗೆ 1, ಎರಡನೆಯದಕ್ಕೆ 2, ಮೂರನೆಯದಕ್ಕೆ 4. ಹತ್ತನೆಯ ಮನೆವರೆಗೆ (512 ಕಾಳು) ಎಣಿಸಿಯೇ ಇಡಲಿ. ಅಲ್ಲಿಂದ ತೂಕದ ಲೆಕ್ಕ. 20ನೇ ಮನೆಗೆ 5,24,288 ಕಾಳು, ಹತ್ತಿರ ಹತ್ತಿರ ಒಂದೂವರೆ ಕೆ.ಜಿ. 30ನೇ ಮನೆಗೆ ಸುಮಾರು 15 ಕ್ವಿಂಟಲ್. 40ನೇ ಮನೆಗೆ ಸುಮಾರು 15,000 ಕ್ವಿಂಟಲ್, ಅಂದರೆ 10 ಟನ್ ಹೊರುವ 150 ಲಾರಿ. ಹಾಸಿನಲ್ಲಿ ಇನ್ನೂ 24 ಮನೆ ಖಾಲಿ ಇರುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಮಕ್ಕಳು ‘ಅಬ್ಬಾ’ ಎಂದು ಮನೆಗೆ ಹೋಗುತ್ತಾರೆ. ಅದು ಮ್ಯಾಜಿಕ್ ನೋಡಿದ ಸಂತೋಷ, ಕಲಿಕೆಯಲ್ಲ. ಹಾಗಾಗಿ ಇನ್ನೆರಡು ಹೆಜ್ಜೆ ಇಡಬೇಕು. ಮೊದಲನೆಯದು: ನಿಮ್ಮೂರಲ್ಲಿ ಎಕರೆಗೆ ಎಷ್ಟು ಕ್ವಿಂಟಲ್ ರಾಗಿ ಬರುತ್ತದೆ ಎಂದು ಮನೆಯಲ್ಲಿ ಕೇಳಿ ಬರಲಿ. 30ನೇ ಮನೆಗೆ ಎಷ್ಟು ಎಕರೆ ಬೇಕು, 40ಕ್ಕೆ ಎಷ್ಟು? ಊರಿನ ಹೊಲ ಯಾವ ಮನೆಯಲ್ಲಿ ಮುಗಿಯುತ್ತದೆ? ಎರಡನೆಯದು: 70ನ್ನು ಶೇಕಡಾವಾರು ದರದಿಂದ ಭಾಗಿಸಿದರೆ ದುಪ್ಪಟ್ಟಾಗಲು ಬೇಕಾದ ವರ್ಷ ಸಿಗುತ್ತದೆ. ಶೇ. 7ಕ್ಕೆ 10 ವರ್ಷ. ಈಗ 6 ವರ್ಷದ ಮಗುವಿಗೆ 66 ತುಂಬುವಾಗ ಶೇ. 7ರಲ್ಲಿ ಬೆಳೆಯುವ ಆರ್ಥಿಕತೆ ಸುಮಾರು 58 ಪಟ್ಟು ಆಗಿರುತ್ತದೆ. ‘ಬರೀ’ ಶೇ. 3 ಎಂದರೂ 100 ವರ್ಷಕ್ಕೆ 19 ಪಟ್ಟು. ಅಷ್ಟರಲ್ಲಿ ಎಷ್ಟು ಪಾಲು ಸಂಗೀತ ಪಾಠದಂಥ ಸೇವೆ, ಎಷ್ಟು ಪಾಲು ಸಿಮೆಂಟು ಎಂಬ ಚರ್ಚೆ ಆಗಲೇಬೇಕು. ಹಣದ ಬೆಳವಣಿಗೆ ಇದ್ದಷ್ಟೇ ಪ್ರಮಾಣದಲ್ಲಿ ವಸ್ತುವಿನ ಬಳಕೆಯೂ ಏರಲೇಬೇಕೆಂದಿಲ್ಲ. ಆದರೆ ಬಳಕೆ ಪೂರ್ತಿ ತಪ್ಪುವುದೂ ಇಲ್ಲ.

ಪ್ರಶ್ನೆ: ಎತ್ತರ ಹೆಚ್ಚಾದರೂ ಬೆಳವಣಿಗೆ ಆಗಿಲ್ಲ ಎಂದು ತೋರಿಸುವ ಪ್ರಯೋಗ ಇದೆಯೇ?

ಇದೆ. ಈ ಪುಟದಲ್ಲಿ ಒಂದೇ ಪ್ರಯೋಗ ಮಾಡುವಷ್ಟು ಸಮಯವಿದ್ದರೆ ಇದನ್ನು ಮಾಡಿ.

ಬೇಕಾದ್ದು: ಹೆಸರುಕಾಳು 200, ಅಗಲದ ತಟ್ಟೆ 2, ಹಳೆಯ ಹತ್ತಿ ಬಟ್ಟೆ, ರಟ್ಟಿನ ಪೆಟ್ಟಿಗೆ 1, ಸ್ಕೇಲು, 0.1 ಗ್ರಾಂ ತೋರಿಸುವ ತಕ್ಕಡಿ.

ನೂರು ನೂರು ಕಾಳನ್ನು ಎಣಿಸಿ ಬೇರೆ ಬೇರೆ ತೂಗಿ ಬರೆದಿಡಿ. ನೂರಕ್ಕೆ ಮೂರೂವರೆಯಿಂದ ನಾಲ್ಕು ಗ್ರಾಂ ಇರುತ್ತದೆ. 8 ಗಂಟೆ ನೆನೆಸಿ. ಒದ್ದೆ ಬಟ್ಟೆ ಹಾಸಿದ ತಟ್ಟೆಗಳಲ್ಲಿ ಹರಡಿ. ಒಂದು ತಟ್ಟೆ ದಿನಕ್ಕೆ 4–5 ಗಂಟೆಯಾದರೂ ನೇರ ಬಿಸಿಲು ಬೀಳುವ ಜಗಲಿಯಲ್ಲಿರಲಿ, ಇನ್ನೊಂದು ಪೆಟ್ಟಿಗೆಯ ಕತ್ತಲಲ್ಲಿ. ದಿನಕ್ಕೆ ಎರಡು ಸಲ ನೀರು ಚಿಮುಕಿಸಿ. ಪೆಟ್ಟಿಗೆಯನ್ನು ಸಂಜೆ ಮಬ್ಬಿನಲ್ಲೇ ತೆರೆಯಿರಿ. 10ರಿಂದ 12 ದಿನ.

ನಾಲ್ಕನೆಯ ದಿನದಿಂದಲೇ ಕತ್ತಲ ತಟ್ಟೆ ಗೆಲ್ಲುತ್ತಿರುವ ಹಾಗೆ ಕಾಣುತ್ತದೆ. ಸಸಿಗಳು ಸರಸರನೆ ಉದ್ದವಾಗುತ್ತವೆ. ಮಕ್ಕಳು ಎತ್ತರದ ಗ್ರಾಫ್ ಬರೆಯಲಿ, ಯಾವುದು ಚೆನ್ನಾಗಿ ಬೆಳೆಯುತ್ತಿದೆ ಎಂದು ಕೈ ಎತ್ತಿ ಹೇಳಲಿ. ಕೊನೆಯ ದಿನ ಬೇರು ಸಮೇತ ಎತ್ತಿ, ಮೂರು ದಿನ ಬಿಸಿಲಲ್ಲಿ ಗರಿಗರಿ ಒಣಗಿಸಿ ತೂಗಿ. ಕತ್ತಲ ಸಸಿಗಳ ಒಣ ತೂಕ ಮೊದಲ ದಿನದ ಕಾಳಿನ ತೂಕಕ್ಕಿಂತಲೂ ಕಡಿಮೆ ಬರುತ್ತದೆ. ಅವು ಎತ್ತರವಾದದ್ದು ಬೀಜದಲ್ಲಿದ್ದ ಬುತ್ತಿಯನ್ನು ಕರಗಿಸಿ. ಬೆಳಕಿಲ್ಲದೆ ಹೊಸದಾಗಿ ಏನೂ ಕಟ್ಟಲಾಗಲಿಲ್ಲ. ಬಂಡವಾಳ ತಿಂದು ಉದ್ದವಾದವು ಎಂದರೆ ಮಕ್ಕಳಿಗೆ ಕೂಡಲೇ ಅರ್ಥವಾಗುತ್ತದೆ. ಕುಮಾರಪ್ಪನವರ ಗಣಿಯನ್ನು ಇಲ್ಲಿ ನೆನಪಿಸಿ.

ಕೆಡುವುದು ಎಲ್ಲೆಲ್ಲಿ: ಮಣ್ಣಿನಲ್ಲಿ ಬೆಳೆಸಿದರೆ ಬೇರಿಗಂಟಿದ ಮಣ್ಣು ತೂಕ ಕೆಡಿಸುತ್ತದೆ, ಅದಕ್ಕೇ ಬಟ್ಟೆ. ಕೇವಲ 20 ಕಾಳು ತೆಗೆದುಕೊಂಡರೆ ಒಟ್ಟು ತೂಕವೇ ಮುಕ್ಕಾಲು ಗ್ರಾಂ, ತಕ್ಕಡಿಗೆ ವ್ಯತ್ಯಾಸ ಸಿಗುವುದಿಲ್ಲ. ತರಗತಿಯೊಳಗಿನ ಕಿಟಕಿ ಬೆಳಕು ಸಾಲದೆ ಎರಡೂ ತಟ್ಟೆ ತೂಕ ಕಳೆದುಕೊಳ್ಳಬಹುದು. ನೀರು ನಿಂತರೆ ಬೂಷ್ಟು ಹಿಡಿಯುತ್ತದೆ. ಕೊಳೆತ ಕಾಳು ತೆಗೆದರೆ ಎಷ್ಟು ತೆಗೆದಿರಿ ಎಂದು ಬರೆದು, ಉಳಿದವುಗಳ ಲೆಕ್ಕದಲ್ಲಿ ಹೋಲಿಸಿ.

ಪ್ರಶ್ನೆ: ಇಡ್ಲಿ ಹಿಟ್ಟಿನ ಪ್ರಯೋಗ ಮಾಡಬಹುದೇ?

ಮಾಡಬಹುದು, ಎಚ್ಚರದಿಂದ. ಉದ್ದು ಒಂದು ಅಳತೆಗೆ ಅಕ್ಕಿ ಮೂರು. ಒಂದು ಲೀಟರಿನ ಗಾಜಿನ ಜಾಡಿಗೆ 400 ಮಿ.ಲೀ. ಹಿಟ್ಟು ಮಾತ್ರ ಹಾಕಿ, ಹೊರಗೆ ಪೇಪರ್ ಪಟ್ಟಿ ಅಂಟಿಸಿ ಗಂಟೆಗೊಂದು ಗೆರೆ ಎಳೆಯಿರಿ. ಮೊದಲು ನಿಧಾನ, ನಡುವೆ ಜೋರು, ಆಮೇಲೆ ನಿಲ್ಲುತ್ತದೆ. ತುಂಬ ಹೊತ್ತು ಬಿಟ್ಟರೆ ಕುಸಿದು ಹುಳಿಯಾಗುತ್ತದೆ. ಬಯಲುಸೀಮೆಯ ಸೆಖೆಯಲ್ಲಿ 8ರಿಂದ 12 ಗಂಟೆ, ಕೊಡಗು–ಚಿಕ್ಕಮಗಳೂರಿನ ಚಳಿಯಲ್ಲಿ ಇನ್ನೂ ಹೆಚ್ಚು. ಶಾಲೆಯ ಅವಧಿಗೆ ಇದು ಹೊಂದುವುದಿಲ್ಲವಾದ್ದರಿಂದ ಹಿಂದಿನ ರಾತ್ರಿ ರುಬ್ಬಿದ ಜಾಡಿ ಒಂದು, ಬೆಳಿಗ್ಗೆ ರುಬ್ಬಿದ ಜಾಡಿ ಒಂದು ಇಟ್ಟು ಎರಡರ ಗ್ರಾಫ್ ಸೇರಿಸಿ.

ಒಂದು ತಪ್ಪು ಎಲ್ಲರೂ ಮಾಡುತ್ತಾರೆ: ಹಿಟ್ಟು ಉಬ್ಬಿದ್ದನ್ನೇ ಸೂಕ್ಷ್ಮಜೀವಿಗಳ ಸಂಖ್ಯೆ ಎಂದುಬಿಡುವುದು. ಉಬ್ಬುವುದು ಅವು ಬಿಟ್ಟ ಅನಿಲದಿಂದ. ಇದು ಹೋಲಿಕೆಗೆ ಸಾಕು, ಪುರಾವೆಗೆ ಸಾಲದು.

ಪ್ರಶ್ನೆ: ಜಿಡಿಪಿಯನ್ನು ಹೈಸ್ಕೂಲಿನಲ್ಲಿ ಹೇಗೆ ಕಲಿಸುವುದು?

ನೀರಿನ ಮೂಲಕ. 2024ರ ಮಾರ್ಚ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ 5 ಕಿ.ಮೀ. ಒಳಗೆ 6,000 ಲೀಟರಿಗೆ 600 ರೂ., 12,000 ಲೀಟರಿಗೆ 1,000 ರೂ. ದರ ಕಟ್ಟಿತ್ತು. ನಾಲ್ಕು ಜನರ ಮನೆಗೆ ದಿನಕ್ಕೆ 400 ಲೀಟರ್ ಎಂದರೆ 12,000 ಲೀಟರ್ 30 ದಿನಕ್ಕೆ ಬರುತ್ತದೆ. ಬಾವಿಯಿಂದ ಸೇದಿದಾಗ ಜಿಡಿಪಿಗೆ ಸೊನ್ನೆ. ಬಾವಿ ಬತ್ತಿ ಟ್ಯಾಂಕರ್ ಬಂದಾಗ ತಿಂಗಳಿಗೆ 1,000 ರೂಪಾಯಿಯ ವ್ಯವಹಾರ. ಲೆಕ್ಕದಲ್ಲಿ ದೇಶ ಬೆಳೆಯಿತು, ಮನೆಯಲ್ಲಿ ನೀರು ಅಷ್ಟೇ ಇದೆ.

ಮಕ್ಕಳು ಒಂದು ವಾರ ಮನೆಯ ಚಟುವಟಿಕೆಗಳನ್ನು ಎರಡು ಅಂಕಣದಲ್ಲಿ ಬರೆಯಲಿ: ದುಡ್ಡು ಕೈ ಬದಲಾದವು, ಬದಲಾಗದವು. ಅಮ್ಮನ ಅಡುಗೆ, ಅಜ್ಜ ಮೊಮ್ಮಗುವನ್ನು ನೋಡಿಕೊಂಡದ್ದು ಎರಡನೆಯದರಲ್ಲಿ ಬೀಳುತ್ತವೆ. ಇಲ್ಲಿ ಜಿಡಿಪಿ ಎಂದರೆ ಮೋಸ ಎಂಬ ತೀರ್ಮಾನಕ್ಕೆ ಜಾರಬೇಡಿ. ಟ್ಯಾಂಕರ್ ಚಾಲಕನ ಸಂಬಳವೂ ಅದರಲ್ಲೇ ಇದೆ. ಅದು ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂಬಷ್ಟೇ ಪಾಠ.

ಪ್ರಶ್ನೆ: ಪರಿಸರ ಅಧ್ಯಯನ ವಿಷಯವಾಗಿಯೇ ಇದೆಯಲ್ಲ, ಸಾಲದೇ?

1991ರ ನವೆಂಬರ್ 22ರಂದು ಪರಿಸರ ವಕೀಲ ಎಂ.ಸಿ. ಮೆಹ್ತಾ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪರಿಸರ ಶಿಕ್ಷಣವನ್ನು ಕಡ್ಡಾಯ ಮಾಡುವಂತೆ ಹೇಳಿತು. ಒಳ್ಳೆಯದೇ. ಆದರೆ ಒಂದು ವಿಷಯವಾದ ಕೂಡಲೇ ಅದಕ್ಕೆ ಗೈಡು, ಎರಡಂಕದ ವ್ಯಾಖ್ಯೆ, ಬಿಟ್ಟ ಸ್ಥಳ ತುಂಬಿರಿ ಬಂದವು. ಪರಿಸರದ ಪೀರಿಯಡ್‌ನಲ್ಲಿ ಮಿತವಾಗಿ ಬಳಸಿ ಎಂದು, ಮುಂದಿನ ಪೀರಿಯಡ್‌ನಲ್ಲಿ ತಲಾ ಬಳಕೆ ಹೆಚ್ಚಿದ ದೇಶವೇ ಮುಂದುವರಿದ ದೇಶ ಎಂದರೆ ಮಗು ಯಾವುದನ್ನು ನಂಬಬೇಕು? ಹೊಸ ಪಾಠ ಸೇರಿಸುವ ಮೊದಲು ಇರುವ ಪಾಠಗಳ ನಡುವಿನ ಈ ಜಗಳವನ್ನು ಮಕ್ಕಳ ಮುಂದೆಯೇ ಬಿಚ್ಚಿಡುವುದು ಮೇಲು.

ಪ್ರಶ್ನೆ: ಚಿಕ್ಕ ಮಕ್ಕಳಿಗೆ ಇದೆಲ್ಲ ಭಯ ಹುಟ್ಟಿಸುವುದಿಲ್ಲವೇ?

ಹುಟ್ಟಿಸುತ್ತದೆ. ನಾಲ್ಕನೆಯ ತರಗತಿಗೆ ಮೊದಲು ದುರಂತದ ಮಾತು ಬೇಡ ಎಂದು ಅಮೆರಿಕದ ಶಿಕ್ಷಣತಜ್ಞ ಡೇವಿಡ್ ಸೊಬೆಲ್ ಹೇಳಿದ್ದನ್ನು ಪಾಲಿಸುವುದು ಒಳ್ಳೆಯದು. ಆ ವಯಸ್ಸಿಗೆ ಇರುವೆ ಸಾಲು, ಮಳೆನೀರಿನ ಕಾಲುವೆ, ಕಪ್ಪೆಮರಿ ಸಾಕು. ಕೈ ಮುಟ್ಟಿ ಪ್ರೀತಿ ಬೆಳೆಯುವ ಮೊದಲೇ ಹಿಮಕರಡಿ ಸಾಯುವ ಚಿತ್ರ ತೋರಿಸಿದರೆ ಮಗು ವಿಷಯದಿಂದಲೇ ದೂರ ಸರಿಯುತ್ತದೆ. ದೊಡ್ಡ ಮಕ್ಕಳಿಗೆ ಕೆಟ್ಟ ಅಂಕಿಅಂಶ ಹೇಳಿದ ದಿನವೇ ಕೈಗೆ ಒಂದು ಕೆಲಸವನ್ನೂ ಕೊಡಿ: ಶಾಲೆಯ ನಲ್ಲಿ ಸೋರಿಕೆಯನ್ನು ಒಂದು ಗಂಟೆ ಬಕೆಟ್ಟಿನಲ್ಲಿ ಹಿಡಿದು, 24ರಿಂದ ಗುಣಿಸಿ, ಪಂಚಾಯಿತಿಗೆ ಅರ್ಜಿ ಬರೆಯುವಂಥದ್ದು.

ಪ್ರಶ್ನೆ: ಈ ಅರ್ಥದ ಬೆಳವಣಿಗೆಗೆ ಅಂಕ ಕೊಡುವುದು ಹೇಗೆ?

ಮಗುವಿನ ಪ್ರಶ್ನೆಗಳನ್ನು ಹೋಲಿಸಿ. ಪ್ರತಿ ಮಗು ಅವಧಿಯ ಮೊದಲ ವಾರ ಒಂದು ಪ್ರಶ್ನೆ ಬರೆದಿಡಲಿ, ಆರು ವಾರ ನೋಡಿದ್ದನ್ನು ಬರೆಯಲಿ, ಕೊನೆಗೆ ಮತ್ತೆ ಪ್ರಶ್ನೆ ಬರೆಯಲಿ. ‘ಕೆರೆ ಯಾಕೆ ಹಸಿರು?’ ಎಂಬುದು ‘ಚರಂಡಿ ಸೇರುವ ಮೂಲೆಯಲ್ಲೇ ಯಾಕೆ ಹೆಚ್ಚು ಹಸಿರು, ಮಳೆಗಾಲದಲ್ಲಿ ಯಾಕೆ ಕಡಿಮೆ?’ ಎಂದಾಗಿದ್ದರೆ ಮಗು ಬೆಳೆದಿದೆ. 1938ರಲ್ಲಿ ಡ್ಯೂಯಿ ಹೇಳಿದ ನಿರಂತರತೆ ಇದೇ: ಒಂದು ಅನುಭವ ಮುಂದಿನದಕ್ಕೆ ಬಾಗಿಲು ತೆರೆಯುವುದು. ಪ್ರಶ್ನೆ ಎಷ್ಟು ಉದ್ದ ಎಂದು ಅಂಕ ಕೊಡಬೇಡಿ. ಕೊಟ್ಟರೆ ಮುಂದಿನ ಅವಧಿಗೆ ಎಲ್ಲರ ಪ್ರಶ್ನೆಯೂ ಕತ್ತಲ ಹೆಸರುಕಾಳಿನ ಹಾಗೆ ಉದ್ದವಾಗಿ ಬರುತ್ತದೆ.

ಪ್ರಶ್ನೆ: ಜೂನ್ 5ಕ್ಕೆ ಪ್ರತಿ ವರ್ಷ ಸಸಿ ನೆಡುತ್ತೇವೆ. ಅದು ಸರಿಯಾದ ಬೆಳವಣಿಗೆಯ ಪಾಠವಲ್ಲವೇ?

ನೆಟ್ಟ ಸಸಿಗಳ ಸಂಖ್ಯೆಯನ್ನು ವರ್ಷ ವರ್ಷ ಏರಿಸುವುದು ಜಿಡಿಪಿಯದೇ ಚಾಳಿ. 300 ನೆಟ್ಟು ಫೋಟೋ ತೆಗೆಯುವ ಬದಲು 10 ನೆಟ್ಟು ಉಳಿಸಿ. ಗುಂಡಿಗಳನ್ನು ಬೇಸಿಗೆಯಲ್ಲೇ 2 ಅಡಿ ಉದ್ದ, ಅಗಲ, ಆಳಕ್ಕೆ ತೋಡಿ ಬಿಸಿಲಿಗೆ ಬಿಡಿ. ಒಳನಾಡಿನಲ್ಲಿ ಹೆಚ್ಚಿನ ವರ್ಷ ಜೂನ್ 5ಕ್ಕೆ ಮಳೆ ಹಿಡಿದಿರುವುದಿಲ್ಲ. ನಾಲ್ಕು ಹದ ಮಳೆಯಾದ ಮೇಲೆ ನೆಟ್ಟರೂ ಪರಿಸರ ದಿನಕ್ಕೆ ಅವಮಾನವಾಗದು. ಹೊಂಗೆ, ನೇರಳೆ, ಬೇವಿನಂಥ ಊರಿನ ಮರಗಳೇ ಇರಲಿ. ಮೊದಲ ಎರಡು ಬೇಸಿಗೆಯಲ್ಲಿ ವಾರಕ್ಕೊಮ್ಮೆ 10 ಲೀಟರ್ ನೀರು ಬೇಕು, ಆದ್ದರಿಂದ ಏಪ್ರಿಲ್–ಮೇ ರಜೆಯಲ್ಲಿ ಯಾರು ಹಾಕುತ್ತಾರೆ ಎಂಬುದು ನೆಡುವ ಮೊದಲೇ ತೀರ್ಮಾನವಾಗಬೇಕು. ಶಾಲೆಯ ಸಸಿಗಳು ಸಾಯುವುದು ಹೆಚ್ಚಾಗಿ ಆ ಎರಡು ತಿಂಗಳಲ್ಲಿ, ಇಲ್ಲವೇ ಬೇಲಿ ಇಲ್ಲದೆ ಆಡಿನ ಬಾಯಿಗೆ. ಪ್ರತಿ ಸಸಿಗೂ ನಂಬರ್ ಕೊಟ್ಟು ರಿಜಿಸ್ಟರಿನಲ್ಲಿ ಒಂದು ಸಾಲು ತೆರೆಯಿರಿ. 12ನೇ ಮತ್ತು 24ನೇ ತಿಂಗಳಲ್ಲಿ ಎಣಿಸಿ. ಸತ್ತ ಸಸಿಯ ಸಾಲನ್ನು ಹೊಡೆದುಹಾಕಬೇಡಿ. ಯಾಕೆ ಸತ್ತಿತು ಎಂದು ಅದೇ ಸಾಲಿನಲ್ಲಿ ಮಕ್ಕಳಿಂದಲೇ ಬರೆಸಿ.